ನಮ್ಮೂರ ವಾರ

೮ ಜುಲೈ ೨೦೧೫, ಬುಧವಾರ

ಇವತ್ತು ನಾನು ಅಧ್ಯಕ್ಷೆಯಾದೆ. ಬರೆದು ನೋಡಿದರೆ ಇನ್ಯಾರದೋ ಸುದ್ದಿ ಓದಿದ ಹಾಗಿದೆ.

ಚಿಕ್ಕಮುರಡಿ ಗ್ರಾಮ ಪಂಚಾಯ್ತಿ ಹುಟ್ಟಿದ್ದೇ ಈ ವರ್ಷ. ಇಲ್ಲಿಯತನಕ ಈ ಊರು ಹಿರೇಮುರಡಿಯ ಬಾಲ. ಡಾಂಬರು ಬಂದರೆ ಅಲ್ಲಿಗೆ, ಮಿಕ್ಕ ಜಲ್ಲಿ ಇಲ್ಲಿಗೆ. ಹೊಸ ಬಲ್ಬು ಅಲ್ಲಿಗೆ, ಅಲ್ಲಿಂದ ಕಳಚಿದ್ದು ಇಲ್ಲಿಗೆ. ಸರಕಾರ ದೊಡ್ಡ ಪಂಚಾಯ್ತಿಗಳನ್ನು ಒಡೆದಾಗ ಈ ಊರಿಗೂ ಬಿಡುಗಡೆ ಸಿಕ್ಕಿತು. ಮಧ್ಯಾಹ್ನ ಗುಲಾಲು ಎರಚಿಕೊಂಡು ಟ್ರ್ಯಾಕ್ಟರಿನ ಮುಂದೆ ಕುಣಿದದ್ದು ನೋಡಿದರೆ ದೇಶಕ್ಕೆ ಇವತ್ತೇ ಸ್ವಾತಂತ್ರ್ಯ ಬಂದಂತಿತ್ತು. ಮೆಂಬರ್ ಕಾಮಣ್ಣ ಮೈಕು ಹಿಡಿದು "ಇನ್ನ ಮ್ಯಾಲೆ ನಾವು ಯಾರ ಕೈಕೆಳಗೂ ಇಲ್ಲಾ!" ಎಂದು ಗಂಟಲು ಹರಿಯುವ ಹಾಗೆ ಕೂಗಿದ.

ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾಗಿತ್ತು. ಗೆದ್ದ ಹೆಂಗಸರಲ್ಲಿ ಪಿಯುಸಿ ಓದಿದವಳು ನಾನೊಬ್ಬಳೇ. ತಮಾಷೆಯೆಂದರೆ ನಮ್ಮೂರು ಹಿರೇಮುರಡಿ. ಹುಟ್ಟಿ ಬೆಳೆದದ್ದು ಅಲ್ಲಿ. ಅವ್ವ ಇರುವುದು ಅಲ್ಲಿ. ಅಣ್ಣ ಹಣಮಪ್ಪ ಅಲ್ಲಿಯ ಪಂಚಾಯ್ತಿಯ ವಾಟರ್‌ಮನ್. ಹಳ್ಳ ದಾಟಿ ಇಲ್ಲಿಗೆ ಸೊಸೆಯಾಗಿ ಬಂದವಳು ಈಗ ನಮ್ಮೂರಿನಿಂದ ಬಿಡಿಸಿಕೊಂಡ ಊರಿಗೆ ಯಜಮಾನಿ.

ಗಂಡ ಫ್ಯಾಕ್ಟರಿಯಿಂದ ಬಂದವರೇ "ನೀ ಬರೇ ಸಹಿ ಮಾಡು ರಾಜಶ್ರೀ, ಉಳಿದದ್ದ ನಾ ನೋಡ್ಕೋತೀನಿ" ಅಂದರು. ಸಕ್ಕರೆ ಫ್ಯಾಕ್ಟರಿಯಲ್ಲಿ ಕಾರಕೂನಿಕೆ ಮಾಡಿದವರಿಗೆ ಜಗತ್ತಿನ ಎಲ್ಲ ಕೆಲಸವೂ ಬರುತ್ತದೆ ಎಂಬ ನಂಬಿಕೆ ಇರುತ್ತದೆ. ನಗು ಬಂತು, ನಗಲಿಲ್ಲ. ಅಣ್ಣ ಮಾತ್ರ ಫೋನಿನಲ್ಲಿ ಮನಸಾರೆ ನಕ್ಕ. "ಮೊದಲ ನಿಮ್ಮೂರಾಗ ಗಟಾರ ಕಟ್ಟಸು ಬೇ, ನಿನ್ನ ಮನಿಗೆ ಬರಬೇಕಂದ್ರ ಕಾಲಿಡಾಕ ಜಾಗಾ ಇಲ್ಲ" ಅಂದ.

೨೮ ಜುಲೈ ೨೦೧೫, ಮಂಗಳವಾರ

ಇವತ್ತು ವಾರ. ಆಷಾಢ ಬಂತೆಂದರೆ ಎರಡೂ ಊರು ಕೂಡಿ ದ್ಯಾಮವ್ವನ ಹೆಸರಿನಲ್ಲಿ ಐದು ಮಂಗಳವಾರ ಹಿಡಿಯುತ್ತವೆ. ಅಂದು ನೊಗ ಹೂಡುವಂತಿಲ್ಲ, ಬೀಸುವಂತಿಲ್ಲ, ಒಲೆ ಹೊತ್ತಿಸುವಂತಿಲ್ಲ. ಹಿಟ್ಟಿನ ಗಿರಣಿ ಬಂದ್, ಹೊಲದ ಮೋಟರ್ ಬಂದ್, ಕುಡಿಯುವ ನೀರಿನ ಮೋಟರ್ ಕೂಡ ಬಂದ್. ಹೆಂಗಸರೆಲ್ಲ ಸೋಮವಾರವೇ ಕೊಡ ತುಂಬಿಟ್ಟುಕೊಳ್ಳುತ್ತೇವೆ. ದೇವರಲ್ಲಿ ನಂಬಿಕೆ ಇಲ್ಲ ಅನ್ನುವವರೂ ವಾರ ಮುರಿದದ್ದನ್ನು ನಾನು ಕಂಡಿಲ್ಲ. ವರ್ಷಕ್ಕೆ ಐದು ದಿನ ಬೆನ್ನು ನೆಲಕ್ಕೆ ಹಚ್ಚುವುದು ಯಾರಿಗೆ ಬೇಡ?

ರಜೆ ಇಲ್ಲದವನು ಅಣ್ಣ ಒಬ್ಬನೇ. ನೀರೆತ್ತುವ ಮೋಟರ್ ಇರುವುದು ಇಲ್ಲಿ, ಚಿಕ್ಕಮುರಡಿಯ ಹೊಳೆ ದಂಡೆಯಲ್ಲಿ. ಅದು ಎತ್ತಿದ ಕೃಷ್ಣೆಯ ನೀರು ಹಿರೇಮುರಡಿಯ ಸಂಪಿಗೆ, ಅಂದರೆ ನೆಲದೊಳಗಿನ ದೊಡ್ಡ ತೊಟ್ಟಿಗೆ ಹೋಗಿ ಬೀಳುತ್ತದೆ. ಅಲ್ಲಿಂದ ಮೇಲಿನ ಟ್ಯಾಂಕಿಗೆ, ಟ್ಯಾಂಕಿನಿಂದ ಎರಡೂ ಊರಿಗೆ. ಮೋಟರ್ ಖಂಡಿತ ಬಂದ್ ಇರುವುದು ವಾರದ ದಿನ ಮಾತ್ರ ಎಂದು ಅಣ್ಣ ಪ್ರತಿವರ್ಷ ಈ ಮಂಗಳವಾರಗಳಲ್ಲೇ ಸಂಪಿನೊಳಗೆ ಇಳಿದು ರಾಡಿ ಬಳಿಯುತ್ತಾನೆ.

ಕೆಲಸ ಮುಗಿಸಿ ಸೀದಾ ನಮ್ಮ ಮನೆಗೆ ಬಂದ. ಮೊಣಕಾಲಿನವರೆಗೆ ಕೆಂಪು ರಾಡಿ. ನಿನ್ನೆಯೇ ಮಾಡಿಟ್ಟ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಹಾಕಿದೆ. ನಮ್ಮ ಅತ್ತೆ ಕಸ್ತೂರೆವ್ವನಿಗೆ ಸಿಟ್ಟು. "ದ್ಯಾಮವ್ವನ ದಿವಸ ದುಡೀತಿಯಲ್ಲೋ, ಆಕಿ ಸುಮ್ಮನ ಬಿಡ್ತಾಳೇನ?" ಅಣ್ಣ ರೊಟ್ಟಿ ಮುರಿಯುತ್ತ "ಯವ್ವಾ, ಆಕೀಗೂ ಕುಡ್ಯಾಕ ಸ್ವಚ್ಛ ನೀರ ಬೇಕಲ್ರಿ" ಅಂದ. ಅತ್ತೆ ನಗಲೂ ಆಗದೆ ಬೈಯಲೂ ಆಗದೆ ಇನ್ನೊಂದು ರೊಟ್ಟಿ ಹಾಕಿದರು.

೨೧ ಆಗಸ್ಟ್ ೨೦೧೫, ಶುಕ್ರವಾರ

ಪಂಚಮಿ ಮುಗಿಸಿಕೊಂಡು ಬಂದೆ. ಸೋಮವಾರ ಅಣ್ಣ ಕರೆಯಲು ಬಂದಿದ್ದ. ನಾಲ್ಕು ದಿನ ಅವ್ವನ ಕೈಯ ಉಂಡಿ, ಅಳ್ಳಿಟ್ಟು, ಜೋಕಾಲಿ. ಬೈಕಿನ ಹಿಂದೆ ಕೂತು ಹಳ್ಳ ದಾಟುವಾಗಲೇ ನನಗೆ ಹತ್ತು ವರ್ಷ ಕಡಿಮೆಯಾಗಿರುತ್ತದೆ.

ಒಂದು ಮಾತು ಮಾತ್ರ ಮುಳ್ಳಿನಂತೆ ಉಳಿದಿದೆ. ನಮ್ಮೂರ ಅಧ್ಯಕ್ಷರು ಗಿರಿಮಲ್ಲಪ್ಪ ಕಾಕಾ ಊರ ಬಾಗಿಲಲ್ಲಿ, ಅಗಸಿಯಲ್ಲಿ ಕೂತಿದ್ದರು. ನನ್ನನ್ನು ಎತ್ತಿ ಆಡಿಸಿದವರು. "ಏನ ರಾಜಿ, ಹೆಂಗ ನಡದೈತಿ ನಿನ್ನ ರಾಜ್ಯಾ?" ಅಂದರು. ಚಲೋ ನಡೆದಿದೆ ಅಂದೆ. "ಏನs ಆದ್ರೂ ಅದು ನಾವ ಬಿಟ್ಟುಕೊಟ್ಟ ಪಂಚಾಯ್ತಿ. ನಡಸಾಕ ಬರಲಿಲ್ಲಂದ್ರ ನಾಚಬ್ಯಾಡ, ತಿರುಗಿ ಕೊಟ್ಟುಬಿಡು" ಎಂದು ದೊಡ್ಡದಾಗಿ ನಕ್ಕರು. ಸುತ್ತ ಕೂತವರೂ ನಕ್ಕರು. ನಾನೂ ನಕ್ಕೆ. ಯಾಕೆ ನಕ್ಕೆನೋ.

೨೩ ನವೆಂಬರ್ ೨೦೧೫, ಸೋಮವಾರ

ಹಳೆಯ ಪಂಚಾಯ್ತಿಯ ಸಾಮಾನಿನಲ್ಲಿ ನಮ್ಮ ಪಾಲು ಬಂತು. ಒಂದು ಕಾಲು ಮುರಿದ ಕುರ್ಚಿಗಳು, ಬಾಗಿಲು ಹಾಕಲು ಬಾರದ ತಿಜೋರಿ, ರೆಕ್ಕೆ ಇಲ್ಲದ ಫ್ಯಾನು. ರೆಕ್ಕೆ ಎಲ್ಲಿ ಎಂದು ಕೇಳಿಸಿದರೆ "ಗಾಳಿ ಹೊಳಿ ದಂಡಿಮ್ಯಾಲ ಭಾಳ ಬೀಸತೈತಿ, ನಿಮಗ ಯಾಕ ಬೇಕು" ಎಂಬ ಉತ್ತರ.

ಕಾಮಣ್ಣನ ಸಿಟ್ಟು ಬೇರೆ ಕಡೆ ತಿರುಗಿದೆ. ಊರ ಹೆಸರಿನಲ್ಲಿ 'ಚಿಕ್ಕ' ಯಾಕೆ ಇರಬೇಕು ಎಂದು ಮೀಟಿಂಗಿನಲ್ಲಿ ಎದ್ದು ನಿಂತ. ಸರಕಾರಿ ಹೆಸರು ಬದಲಾಗಲು ವರ್ಷಗಟ್ಟಲೆ ಬೇಕು ಎಂದರು ಪಿಡಿಓ ಸಾಹೇಬರು. ಕೊನೆಗೆ ನಾನೇ ಒಂದು ಉಪಾಯ ಹೇಳಿದೆ. ಬೋರ್ಡಿನಲ್ಲಿ 'ಚಿಕ್ಕ' ಅನ್ನುವುದನ್ನು ಇರುವೆಯಷ್ಟು ಸಣ್ಣದಾಗಿಯೂ 'ಮುರಡಿ'ಯನ್ನು ಆನೆಯಷ್ಟು ದೊಡ್ಡದಾಗಿಯೂ ಬರೆಸಿದೆವು. ಎಲ್ಲರೂ ಚಪ್ಪಾಳೆ ತಟ್ಟಿದರು. ಖರೆ ಹೇಳಬೇಕೆಂದರೆ ಆ ಚಪ್ಪಾಳೆ ಕಿವಿಗೆ ಹಿತವಾಗಿತ್ತು. ಗಂಡ ಈಗ ಸಹಿಯ ವಿಚಾರ ಮಾತಾಡುವುದಿಲ್ಲ.

೧೪ ಮಾರ್ಚ್ ೨೦೧೬, ಸೋಮವಾರ

ನೀರು ಬರುವುದು ಕಡಿಮೆಯಾಗುತ್ತ ಬಂದು ಈಗ ನಿಂತೇ ಹೋಗಿದೆ. ಮೋಟರ್ ಓಡುತ್ತದೆ, ನೀರು ಹಿರೇಮುರಡಿಗೆ ಹೋಗುತ್ತದೆ, ಅಲ್ಲಿಂದ ತಿರುಗಿ ಬರುವುದಿಲ್ಲ. ಈ ಕಡೆಯ ವಾಲ್ವ್ ತಿರುವಿ ಇಟ್ಟಿದ್ದಾರೆ. ಹೊಳೆ ನಮ್ಮ ಮನೆ ಮುಂದೆ, ಕುಡಿಯುವ ನೀರು ಅವರ ಕೈಯಲ್ಲಿ.

ಗಿರಿಮಲ್ಲಪ್ಪನವರ ಹತ್ತಿರ ನಾನೇ ಹೋದೆ. ಕೂತುಕೋ ಅನ್ನಲಿಲ್ಲ. "ಟ್ಯಾಂಕ್ ಸೋರಾಕತ್ತೈತಿ, ರಿಪೇರಿ ಆಗೂತನ ತಡೀರಿ" ಅಂದರು. ಹೆಣ್ಣುಮಕ್ಕಳು ಹೊಳೆಯ ಪಾಚಿ ನೀರು ಸೋಸಿ ಕುಡಿಯುತ್ತಿದ್ದಾರೆ ಅಂದೆ. ಆಗ ದನಿ ತಗ್ಗಿಸಿ, ಪ್ರೀತಿಯಿಂದಲೇ ಹೇಳಿದರು. "ರಾಜಿ, ನೀ ಈ ಊರ ಮಗಳು. ನಿನ್ನ ಮನಿಗೆ ಬೇಕಂದ್ರ ದಿನಾ ಒಂದ ಟ್ಯಾಂಕರ್ ಕಳಿಸ್ತೀನಿ. ಆದ್ರ ಊರಿಗಂತ ಕೇಳಬ್ಯಾಡ. ಬ್ಯಾರೆ ಆಗೇವಂತ ಗುಲಾಲ ಹಾರಿಸಿದ್ರಲ್ಲ, ಈಗ ಬ್ಯಾರೆ ನೀರ ಹುಡುಕ್ಕೋರಿ."

ಮಗಳಿಗೆ ಒಂದು ಟ್ಯಾಂಕರ್, ಊರಿಗೆ ಒಂದು ತಂಬಿಗೆ ಇಲ್ಲ. ಅದಕ್ಕಿಂತ ಬಯ್ದು ಕಳಿಸಿದ್ದರೆ ಚೆನ್ನಾಗಿತ್ತು. ಅವ್ವನ ಮನೆಗೆ ಹೋಗದೆ ಹಾಗೇ ಬಂದುಬಿಟ್ಟೆ. ಆ ಬೀದಿಗೆ ಹೋಗಿ ಅವ್ವನನ್ನು ನೋಡದೆ ಬಂದದ್ದು ಇದೇ ಮೊದಲು.

೨೬ ಮಾರ್ಚ್ ೨೦೧೬, ಶನಿವಾರ

ನೀರು ಬರುತ್ತಿದೆ! ಬೆಳಗಿನ ಜಾವ ಸ್ವಲ್ಪ ಹೊತ್ತು, ಆದರೆ ಜೋರಾಗಿ. ಊರೆಲ್ಲ "ಅಧ್ಯಕ್ಷರು ಹೋಗಿ ಜಗ್ಗಿ ತಂದ್ರು" ಅನ್ನುತ್ತಿದೆ. ನಾನು ಅಲ್ಲಗಳೆಯಲಿಲ್ಲ. ಅಲ್ಲಗಳೆದರೆ ಯಾರು ಬಿಡುತ್ತಿದ್ದಾರೆ ಎಂದು ಹೇಳಬೇಕಾಗುತ್ತದಲ್ಲ.

ಬಿಡುತ್ತಿರುವುದು ಅಣ್ಣ. ಯಾರೂ ಏಳುವ ಮೊದಲು ವಾಲ್ವ್ ತಿರುವಿ, ಮತ್ತೆ ಬಂದ್ ಮಾಡಿ ಹೋಗುತ್ತಾನೆ. "ಅಂದು ಆಕಿ ಮಾರಿ ಸಣ್ಣದಾಗಿದ್ದು ನೋಡಾಕ ಆಗಲಿಲ್ಲ ಬೇ" ಎಂದನಂತೆ, ಅವ್ವ ಹೇಳಿದಳು.

೪ ಏಪ್ರಿಲ್ ೨೦೧೬, ಸೋಮವಾರ

ಅಣ್ಣ ಸಿಕ್ಕಿಬಿದ್ದ. ಚಾವಡಿಯಲ್ಲಿ ಎಲ್ಲರೆದುರು ಗಿರಿಮಲ್ಲಪ್ಪ ಅವನನ್ನು "ಊರ ಉಂಡು ತಂಗೀಗಿ ಕಾಯಾಂವ" ಅಂದನಂತೆ. ಅಣ್ಣ ತಲೆ ತಗ್ಗಿಸಿ ನಿಂತಿದ್ದನಂತೆ. ವಾಲ್ವಿಗೆ ಈಗ ಬೀಗ.

ಇಲ್ಲಿ ಕಾಮಣ್ಣ ಕೇಳಿದ, "ಅಧ್ಯಕ್ಷರ, ಮತ್ತೊಮ್ಮೆ ಹೋಗಿ ಜಗ್ಗಿ ತರೂದಿಲ್ಲೇನ್ರಿ?" ಅವನಿಗೆ ಗೊತ್ತಾಗಿದೆ. ನನ್ನ ಅಧ್ಯಕ್ಷತೆ ತವರಿನ ದಯೆ ಎಂದು ನಾಳೆ ಊರೆಲ್ಲ ಆಡಿಕೊಳ್ಳುತ್ತದೆ. ಅಣ್ಣ ಹೀಗೆ ಮಾಡಬಾರದಿತ್ತು. ನಾನೇನು ಕೇಳಿದ್ದೆನೇ?

೯ ಮೇ ೨೦೧೬, ಸೋಮವಾರ

ಹೊಳೆಯ ತಳದ ಕಲ್ಲುಗಳು ಕಾಣುತ್ತಿವೆ. ಮೋಟರಿಗೆ ಎತ್ತಲು ನೀರೇ ಇಲ್ಲ. ಎರಡೂ ಊರಿಗೆ ಟ್ಯಾಂಕರ್. ಜಗಳವಾಡಲು ಕೂಡ ನೀರು ಬೇಕು ಎಂದು ಈಗ ತಿಳಿಯಿತು.

೬ ಜೂನ್ ೨೦೧೬, ಸೋಮವಾರ

ಹೊಳೆಗೆ ನೀರು ಬಂದು ಮೂರು ದಿನವಾಯಿತು. ಈಗ ಸರದಿ ನಮ್ಮದು. ಮೋಟರ್ ಚಾಲೂ ಮಾಡಬೇಡ ಎಂದು ಪಂಪ್ ಆಪರೇಟರ್ ಹಾಲಸಿದ್ದಪ್ಪನಿಗೆ ನಾನೇ ಹೇಳಿದೆ. ನಾವು ಹೇಗೂ ಹೊಳೆ ದಂಡೆಯವರು, ಕೊಡ ಹೊತ್ತು ತರುತ್ತೇವೆ. ಅವರ ಟ್ಯಾಂಕು ಒಣಗಲಿ.

ಇವತ್ತು ಸುದ್ದಿ ಬಂತು. ಅವ್ವ ದೂರದ ಬೋರಿನಿಂದ ನೀರು ತರುವಾಗ ಕಾಲು ಜಾರಿ ಬಿದ್ದಳಂತೆ, ಕೈ ಬಾತಿದೆಯಂತೆ. ಫೋನು ಹಚ್ಚಿದೆ. ಅಣ್ಣ "ಏನೂ ಆಗಿಲ್ಲ ಬಿಡು. ಮೋಟರ್ ಯಾವಾಗ ಚಾಲೂ ಮಾಡ್ತೀರಿ?" ಅಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಆದರೂ ಅದು ತಂಗಿಯನ್ನು ಕೇಳಿದ್ದೋ ಚಿಕ್ಕಮುರಡಿಯನ್ನು ಕೇಳಿದ್ದೋ ತಿಳಿಯದೆ "ಮೀಟಿಂಗಿನಾಗ ನೋಡಿ ಹೇಳ್ತೀವಿ" ಅಂದುಬಿಟ್ಟೆ. ಅವ್ವನಿಗೆ ನೋವಾದದ್ದು ನನಗೂ ನೋವೇ. ಆದರೆ ನಮ್ಮೂರಿನ ಹೆಂಗಸರು ಮಾರ್ಚಿನಲ್ಲಿ ಪಾಚಿ ನೀರು ಕುಡಿದಾಗ ಆ ಊರಿನಲ್ಲಿ ಯಾರಿಗೆ ನೋವಾಗಿತ್ತು?

೨೨ ಜೂನ್ ೨೦೧೬, ಬುಧವಾರ

ಜಮಖಂಡಿಗೆ ಎರಡೂ ಊರಿನವರನ್ನು ಕರೆಸಿ ತಹಸೀಲ್ದಾರ ಸಾಹೇಬರು ಒಪ್ಪಂದ ಮಾಡಿಸಿದರು. ನಾವು ದಿನಾ ಮೋಟರ್ ಓಡಿಸಬೇಕು, ಅವರು ದಿನಾ ವಾಲ್ವ್ ಬಿಡಬೇಕು. ಇಬ್ಬರೂ ನಿಲ್ಲಿಸುವಂತಿಲ್ಲ. ಗಿರಿಮಲ್ಲಪ್ಪ ನನ್ನ ಮುಖ ನೋಡದೆ ಸಹಿ ಮಾಡಿದ. ನಾನೂ ಅವನ ಪೆನ್ನು ಮುಟ್ಟದೆ ನನ್ನದೇ ಪೆನ್ನು ತೆಗೆದೆ.

ತಿರುಗಿ ಬರುವಾಗ ಜೀಪಿನಲ್ಲಿ ಕಾಮಣ್ಣ ಹೊಸ ಮಾತು ತೆಗೆದ. "ಎಲ್ಲಾ ಬ್ಯಾರೆ ಆತು. ವಾರ ಒಂದs ಅವರದು ಉಳಿದೈತಿ ನೋಡ್ರಿ. ಅವರ ದ್ಯಾಮವ್ವನ ಸಲುವಾಗಿ ಮಂಗಳವಾರ ನಾವ್ಯಾಕ ಕೈಕಟ್ಟಿ ಕುಂದರಬೇಕು? ನಮ್ಮ ಹೊಳಿ ದಂಡಿ ದುರಗವ್ವ ಏನ ಪಾಪ ಮಾಡ್ಯಾಳ? ನಾವು ಶುಕ್ರವಾರ ಹಿಡಿಯೋಣ."

ಮೊದಲು ಹುಡುಗಾಟ ಅನ್ನಿಸಿತು. ಊರು ಮುಟ್ಟುವುದರೊಳಗೆ ಇದಕ್ಕಿಂತ ಸರಿಯಾದ ಮಾತೇ ಇಲ್ಲ ಅನ್ನಿಸಿತ್ತು. ರಾತ್ರಿ ಊಟಕ್ಕೆ ಕೂತಾಗ ಅತ್ತೆ ಕೇಳಿ ಬೆಚ್ಚಿದರು. "ವಾರಾ ಅಂದ್ರ ಪಂಚಾಯ್ತ್ಯಾಗ ಠರಾವ ಮಾಡೂದೇನ? ನಾ ಅಂತೂ ಎರಡೂ ಹಿಡೀತೀನಿ" ಅಂದರು. ಗಂಡ "ಹಂಗಾದ್ರ ವಾರಕ್ಕ ಎರಡ ದಿವಸ ನಮಗ ಉಪಾಸ" ಎಂದು ನಗಿಸಿದರು.

೫ ಜುಲೈ ೨೦೧೬, ಮಂಗಳವಾರ

ಊರ ತುಂಬ ನಗೆಪಾಟಲು. ಶುಕ್ರವಾರ ಹಿಡಿಯಲು ಮೀಟಿಂಗಿನಲ್ಲಿ ಠರಾವು ಆಗಿದೆ. ಇವತ್ತು ಅವರ ವಾರ, ನಮಗೆ ಅಲ್ಲ. ಮೋಟರ್ ಚಾಲೂ ಮಾಡು ಎಂದು ಹಾಲಸಿದ್ದಪ್ಪನಿಗೆ ನಿನ್ನೆಯೇ ಹೇಳಿದ್ದೆ. ಬೆಳಗ್ಗೆ ನೋಡಿದರೆ ಪಂಪ್ ಹೌಸಿಗೆ ಬೀಗ. ಆಸಾಮಿ ದ್ಯಾಮವ್ವನಿಗೆ ಹೆದರಿ ಹೆಂಡತಿಯ ತವರಿಗೆ ಓಡಿಹೋಗಿದ್ದಾನೆ.

ಹಿರೇಮುರಡಿಯಲ್ಲಿ ಎಲ್ಲರೂ ಅಗಸಿಯಲ್ಲಿ ಕೂತು ನಗುತ್ತಿದ್ದಾರಂತೆ. "ಬಾಯಿಲೆ ಶುಕ್ರವಾರ, ಮೈಯಾಗ ಇನ್ನೂ ನಮ್ಮ ಮಂಗಳವಾರ" ಅಂದನಂತೆ ಗಿರಿಮಲ್ಲಪ್ಪ. "ಆ ಊರಾಗ ಎಂಥಾವ ಹುಟ್ಟಿದ್ರೂ ದ್ಯಾಮವ್ವನ ದಿವಸ ಮೋಟರ್ ಮುಟ್ಟೂದಿಲ್ಲ, ಬೇಕಾದ್ರ ಬರದ ಕೊಡ್ತೀನಿ." ಕಾಮಣ್ಣ ಇದನ್ನು ನನಗೆ ಒಂದು ಅಕ್ಷರ ಬಿಡದೆ ಒಪ್ಪಿಸಿದ. ಸಿಟ್ಟಿಗೆ ಮೈ ಉರಿಯುತ್ತಿದೆ.

೮ ಜುಲೈ ೨೦೧೬, ಶುಕ್ರವಾರ

ನಮ್ಮೂರಿನ ಮೊದಲ ವಾರ. ನಾಲ್ಕೈದು ಒಲೆಗಳಿಂದ ಹೊಗೆ ಕಂಡಿತು. ಕಾಮಣ್ಣ ಹುಡುಗರನ್ನು ಕರೆದುಕೊಂಡು ಹೋಗಿ ನೀರು ಹೊಯ್ದು ಆರಿಸಿದ. ಒಂದು ಮನೆಯಲ್ಲಿ ಬಾಣಂತಿ ಇದ್ದಳಂತೆ, ಬಿಸಿನೀರಿಗೆ ಇಟ್ಟ ಬೆಂಕಿ. ಮೊದಮೊದಲು ಸ್ವಲ್ಪ ಬಿಗಿ ಹಿಡಿಯಲೇಬೇಕು. ಆಮೇಲೆ ತಾನೇ ರೂಢಿಯಾಗುತ್ತದೆ.

೧೨ ಜುಲೈ ೨೦೧೬, ಮಂಗಳವಾರ

ಗೆದ್ದೆವು.

ಹಾಲಸಿದ್ದಪ್ಪ ಈ ಸಲ ಓಡಿಹೋಗದಂತೆ ನಿನ್ನೆಯಿಂದಲೇ ಕಾದಿದ್ದೆವು. ಪಂಪ್ ಹೌಸಿನ ಬಾಗಿಲು ತೆಗೆದ, ಸ್ಟಾರ್ಟರ್ ಹತ್ತಿರ ಹೋದ, ಅಲ್ಲೇ ನಿಂತ. "ನನ್ನ ಕೈಲೆ ಆಗೂದಿಲ್ರಿ ಅಧ್ಯಕ್ಷರ, ಮನ್ಯಾಗ ಸಣ್ಣ ಕೂಸೈತಿ" ಅಂದ. ನೂರಾರು ಜನ ಹೊರಗೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅತ್ತೆ ಬೇಡ ಬೇಡ ಎಂದು ತಲೆ ಅಲ್ಲಾಡಿಸುತ್ತಿದ್ದರು. ನಾನು ಸ್ಟಾರ್ಟರಿಗೆ ಅರಿಶಿನ ಕುಂಕುಮ ಹಚ್ಚಿದೆ, ಕಾಯಿ ಒಡೆದೆ, ದುರಗವ್ವನ ಹೆಸರು ಹೇಳಿ ಹಸಿರು ಗುಂಡಿ ಒತ್ತಿದೆ.

ಮೊದಲು ಗುರ್ ಎಂದು, ಆಮೇಲೆ ನೆಲವೇ ನಡುಗುವ ಹಾಗೆ ಮೋಟರ್ ಎದ್ದಿತು. ಜನ ಕೇಕೆ ಹಾಕಿದರು. ಹೆಣ್ಣುಮಕ್ಕಳು ನನ್ನ ಕೈ ಹಿಡಿದುಕೊಂಡು ಅತ್ತರು. ಆಕಾಶ ಕಳಚಿ ಬೀಳಲಿಲ್ಲ, ದ್ಯಾಮವ್ವ ಎದ್ದು ಬರಲಿಲ್ಲ. ಮಂಗಳವಾರ ಎಂದರೆ ಬರೀ ಮಂಗಳವಾರ. ಇಷ್ಟು ವರ್ಷ ನಾವು ಹೆದರಿದ್ದು ಯಾರಿಗೆ?

ಮೊದಲ ಪ್ರವಾಹದ ನೀರು, ಕೆಂಪಗಿದೆ, ಸೊಕ್ಕಿನಿಂದ ಹೋಗುತ್ತಿದೆ. ಇಷ್ಟರಲ್ಲಿ ಅವರ ಸಂಪಿಗೆ ಧಬಧಬ ಬಿದ್ದಿರಬೇಕು. ಬೀಳಲಿ. ಅಗಸಿಯಲ್ಲಿ ಕೂತವರ ಕಿವಿಗೆ ಕೇಳಲಿ.

೧೪ ಜುಲೈ ೨೦೧೬, ಗುರುವಾರ

ಅಣ್ಣ ಹೋದ.

ಸಂಪಿನೊಳಗಿದ್ದ. ಕೊಳವೆ ಬಾಯಿಯ ಎದುರಿಗೇ ಬಗ್ಗಿ ರಾಡಿ ತುಂಬುತ್ತಿದ್ದನಂತೆ. ನೀರಿನ ಹೊಡೆತಕ್ಕೆ ತಲೆ ಗೋಡೆಗೆ ಬಡಿಯಿತಂತೆ. ವಾರದ ದಿನ, ಹತ್ತಿರ ಯಾರೂ ಇರಲಿಲ್ಲ. ಸಂಪು ತುಂಬಿ ಹರಿದಾಗ ನೋಡಿದರಂತೆ.

ನನಗೆ ಗೊತ್ತಿತ್ತು. ವಾರದ ದಿನ ಅಣ್ಣ ಎಲ್ಲಿರುತ್ತಾನೆಂದು ಎರಡೂ ಊರಿನಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಗುಂಡಿ ಒತ್ತುವಾಗ ಅದು ತಲೆಗೇ ಬರಲಿಲ್ಲ. ಗಿರಿಮಲ್ಲಪ್ಪನ ನಗು ಬಂತು, ಕಾಮಣ್ಣನ ಮಾತು ಬಂತು. ಅಣ್ಣ ಬರಲಿಲ್ಲ. ಹಿತ್ತಲಲ್ಲಿ ಕೂತು ಕೈ ಕಚ್ಚಿಕೊಂಡು ಅತ್ತುಬಿಟ್ಟೆ. ಅಣ್ಣಾ. ಅಣ್ಣಾ.

೧೫ ಜುಲೈ ೨೦೧೬, ಶುಕ್ರವಾರ

ಮಣ್ಣಿಗೆ ಹೋದದ್ದನ್ನು ನಿನ್ನೆ ಬರೆಯಲಾಗಲಿಲ್ಲ.

ಬುಧವಾರ ದವಾಖಾನೆಯಿಂದ ಹೆಣ ಬರುವ ಹೊತ್ತಿಗೆ ಹೋದೆವು. ನಾನು ಮತ್ತು ಗಂಡ ಇಬ್ಬರೇ ಹೋಗಬೇಕಿತ್ತು. ಅಧ್ಯಕ್ಷರನ್ನು ಹಾಗೆ ಕಳಿಸಬಾರದು ಎಂದು ಕಾಮಣ್ಣ ಹತ್ತು ಜನರನ್ನು ಕಟ್ಟಿಕೊಂಡು ಹಿಂದೆ ಬಂದ. ಅಗಸಿಯಲ್ಲಿ ಗಿರಿಮಲ್ಲಪ್ಪ ಅಡ್ಡ ನಿಂತ. ಕಣ್ಣು ಕೆಂಪಗಿದ್ದವು, ಅವನೂ ಅತ್ತಿದ್ದ. "ಅಧ್ಯಕ್ಷರಾಗಿ ಬಂದಿದ್ರ ಅಲ್ಲೇ ನಿಲ್ಲು. ಮಗಳಾಗಿ ಬಂದಿದ್ರ ಬಾ. ಬಂದು ಊರ ಮುಂದ ಒಂದ ಮಾತ ಹೇಳು, ತಪ್ಪಾತಂತ."

ಒಂದೇ ಮಾತು. ಗಂಡ ಕಿವಿಯಲ್ಲಿ "ಅಂದುಬಿಡು ರಾಜಶ್ರೀ, ಅಂದು ಒಳಗ ಹೋಗು" ಅಂದರು. ನಾಲಿಗೆಯ ತುದಿಗೆ ಬಂದಿತ್ತು. ಹಿಂದೆ ತಿರುಗಿ ನೋಡಿದೆ. ಕಾಮಣ್ಣ, ಅವನ ಹಿಂದೆ ನಮ್ಮೂರ ಜನ, ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ತಪ್ಪು ಅಂದರೆ ಅದು ನನ್ನೊಬ್ಬಳ ತಪ್ಪಾಗಿ ಉಳಿಯುವುದಿಲ್ಲ. ನಮ್ಮೂರೇ ಅಗಸಿಯಲ್ಲಿ ಮೊಣಕಾಲೂರಿದಂತೆ. ಸುಮ್ಮನೆ ನಿಂತೆ.

ದೂರದಿಂದ ಅಣ್ಣನನ್ನು ಕೂರಿಸಿದ ಕುರ್ಚಿಯ ಬೆನ್ನು ಕಂಡಿತು, ಮೇಲೆ ಹೂವಿನ ಸರ. ಮುಖ ಕಾಣಲಿಲ್ಲ. ಅವ್ವನ ಅಳು ಮಾತ್ರ ಕೇಳುತ್ತಿತ್ತು. ಒಂದು ಹಿಡಿ ಮಣ್ಣು ಕೊಡದೆ ತಿರುಗಿ ಬಂದೆ. ಇವತ್ತು ನಮ್ಮ ಎರಡನೆಯ ಶುಕ್ರವಾರ. ಒಂದು ಮನೆಯಿಂದಲೂ ಹೊಗೆ ಬರಲಿಲ್ಲ.

೧೯ ಜುಲೈ ೨೦೧೬, ಮಂಗಳವಾರ

ಪೊಲೀಸರು ಪಂಪ್ ಹೌಸಿಗೆ ಬೀಗ ಹಾಕಿದ್ದಾರೆ. ಮೋಟರ್ ಯಾರು ಚಾಲೂ ಮಾಡಿದ್ದು ಎಂದು ಕೇಳಿದರು. ನೂರಾರು ಜನ ನೋಡಿದ್ದರು, ಒಬ್ಬರಿಗೂ ನೆನಪಿಲ್ಲ. ಹಾಲಸಿದ್ದಪ್ಪ ತಾನೇ ಎಂದು ಹೇಳಿದ್ದಾನೆ. ಹೇಳಿಸಿದ್ದು ಕಾಮಣ್ಣ. ಹಾಗೆ ನೋಡಿದರೆ ಪೂರಾ ಸುಳ್ಳೂ ಅಲ್ಲ, ದಿನಾ ಮೋಟರ್ ಹಾಕುವುದು ಅವನದೇ ಕೆಲಸ.

ಗಂಡ ಇವತ್ತು ಊಟದ ತಾಟು ಸರಿಸಿ "ಸಾಕು ಮಾಡು. ರಾಜೀನಾಮಿ ಕೊಟ್ಟು ನಿಮ್ಮವ್ವನ ಕಾಲ ಹಿಡಕೋ ಹೋಗು" ಅಂದರು. ರಾಜೀನಾಮೆ ಕೊಟ್ಟರೆ ಆ ಊರು ಗೆದ್ದಂತೆ ಎಂದೆ. "ನಿನ್ನ ಅಣ್ಣ ಸತ್ತಾನ" ಅಂದರು. ಗೊತ್ತಿದೆ ಎಂದೆ. ಅವರಿಗೆ ಊರು ನಡೆಸುವುದು ಹೇಗೆಂದು ತಿಳಿಯದು.

೨೬ ಜುಲೈ ೨೦೧೬, ಮಂಗಳವಾರ

ಬೀಗ ತೆಗೆಸಿದೆವು. ಒಪ್ಪಂದದ ಪ್ರಕಾರ ಮೋಟರ್ ದಿನಾ ಓಡಬೇಕು. ಆ ಪ್ರಕಾರ ಇವತ್ತೂ ಓಡಿತು. ಮೃತರ ಬಗ್ಗೆ ಸಭೆಯಲ್ಲಿ ಎದ್ದು ನಿಂತು ಮೌನ ಆಚರಿಸಲಾಯಿತು.

೧ ಆಗಸ್ಟ್ ೨೦೧೬, ಸೋಮವಾರ

ಪಂಚಾಯ್ತಿ ಕಚೇರಿಗೆ ಅವ್ವ ಬಂದಿದ್ದಳು.

ಹಳ್ಳದ ದಾರಿಯಲ್ಲಿ ನಡೆದೇ ಬಂದಿದ್ದಳು. ಬಾತಿದ್ದ ಕೈ ಇನ್ನೂ ಪೂರ್ತಿ ಇಳಿದಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಬಾಗಿಲಲ್ಲಿ ನಿಂತಳು. ಕಾಮಣ್ಣನೂ ಇನ್ನಿಬ್ಬರು ಮೆಂಬರುಗಳೂ ಇದ್ದರು. ಬಯ್ಯುತ್ತಾಳೆ, ಮಣ್ಣು ತೂರುತ್ತಾಳೆ ಅಂದುಕೊಂಡೆ. ಹಾಗೇನೂ ಮಾಡಲಿಲ್ಲ.

"ನಾಳಿ ಮಂಗಳವಾರ ಮೋಟರ್ ಚಾಲೂ ಮಾಡ್ತೀರೇನ್ರಿ?" ಅಂದಳು.

ನಾನು ಯಾಕೆ ಎಂದು ಕೇಳಿದೆ. ಅಣ್ಣನ ಜಾಗಕ್ಕೆ ಮುತ್ತಪ್ಪ ಎಂಬುವನನ್ನು ಇಟ್ಟುಕೊಂಡಿದ್ದಾರಂತೆ. ಅಂದಿನಿಂದ ಸಂಪು ತೊಳೆದಿಲ್ಲ, ಆ ನೀರು ಯಾರೂ ಕುಡಿಯುತ್ತಿಲ್ಲ. ಪಂಚಮಿಗೆ ಮೊದಲು ತೊಳೆಯಲೇಬೇಕು. ನಾಳೆ ಕೊನೆಯ ವಾರ. ಬೇರೆ ದಿನ ತೊಳೆದರೆ ಚಿಕ್ಕಮುರಡಿಗೆ ಹೆದರಿ ಪದ್ಧತಿ ಬಿಟ್ಟಂತೆ ಎಂದು ಗಿರಿಮಲ್ಲಪ್ಪ ಹಟ ಹಿಡಿದಿದ್ದಾನೆ. ನಾಳೆಯೇ ಇಳಿಯಬೇಕು ಎಂದಿದ್ದಾನೆ.

"ಮೂರು ಹೆಣ್ಣುಮಕ್ಕಳ ಅಪ್ಪ ಅದಾನ್ರಿ ಆಂವ" ಅಂದಳು ಅವ್ವ. "ನನ್ನ ಯಾರೂ ಕಳಿಸಿಲ್ರಿ. ನಾನs ಬಂದೇನಿ."

ಹೂಂ, ಚಾಲೂ ಮಾಡುವುದಿಲ್ಲ ಎಂದು ಹೇಳಬಹುದಿತ್ತು. ಬಾಯಿ ತೆರೆದೆ ಕೂಡ. ಕಾಮಣ್ಣ ಕೆಮ್ಮಿದ. ಒಂದು ಮಂಗಳವಾರ ಬಿಟ್ಟರೆ ಮುಂದಿನ ವರ್ಷ ಐದೂ ಕೇಳುತ್ತಾರೆ, ಆಮೇಲೆ ವಾರವೇ ತಿರುಗಿ ಅವರದಾಗುತ್ತದೆ.

"ನಾ ಒಬ್ಬಾಕಿ ಹೇಳಾಕ ಬರೂದಿಲ್ಲ ಯವ್ವಾ" ಅಂದೆ. "ಒಪ್ಪಂದ ಐತಿ. ಮೀಟಿಂಗಿನಾಗ ಇಡಬೇಕಾಕ್ಕೈತಿ."

"ಮೀಟಿಂಗ ಯಾವಾಗ್ರಿ?"

"ಗುರುವಾರ."

ಅವ್ವ ಸೆರಗು ಸರಿಮಾಡಿಕೊಂಡಳು. "ಆತ್ರಿ. ಹಂಗಾರ ನಾಳಿ ನಾನೂ ಸಂಪಿನ್ಯಾಗ ಇಳೀತೇನ್ರಿ. ಅವನೊಬ್ಬನ್ನ ಬಿಡಾಕ ಆಗೂದಿಲ್ಲ. ಬರ್ತೇನ್ರಿ ಅಧ್ಯಕ್ಷರ."

ಬಿಸಿಲು ಇತ್ತು, ನೀರಾದರೂ ಕುಡಿದು ಹೋಗು ಅಂದೆ. ಕೇಳಿಸಲಿಲ್ಲವೇನೋ, ಹೋಗಿಬಿಟ್ಟಳು. ಇದೆಲ್ಲ ಬರೀ ಹೆದರಿಸುವ ಮಾತು, ಗಿರಿಮಲ್ಲಪ್ಪನೇ ಕಲಿಸಿ ಕಳಿಸಿದ್ದಾನೆ ಎಂದ ಕಾಮಣ್ಣ. ಇರಬಹುದು.

ಅವ್ವ ನನಗೆ 'ರೀ' ಹಚ್ಚಿ ಮಾತಾಡಿದ್ದು ಒಂದು ಕ್ಷಣ ವಿಚಿತ್ರ ಅನ್ನಿಸಿತು. ಆದರೆ ಅದು ಕಚೇರಿ, ಅಲ್ಲಿಗೆ ಬಂದವರೆಲ್ಲ ಹಾಗೇ ಮಾತಾಡುತ್ತಾರೆ. ನಾಳೆ ಆರಕ್ಕೆ ಮೋಟರ್ ಹಾಕಲು ಹಾಲಸಿದ್ದಪ್ಪನಿಗೆ ಹೇಳಿಯಾಗಿದೆ.